ಹಳಿ ಒಂದೇ, ಎಂಜಿನ್ ಹಲವು



ವಿಕಾರಾಬಾದಿನಿಂದ ಜಹೀರಾಬಾದಿನ ಮೇಲೆ ಬೀದರಿಗೆ ಹೋಗುವ ರೈಲನ್ನು ಮೊಗುಡಂಪಲ್ಲಿಯ ನಮ್ಮ ಮಕ್ಕಳೆಲ್ಲ ಬಲ್ಲರು. ಅಂಥದೇ ರೈಲು ಈಗ ಗೇಣುದ್ದವಾಗಿ, ಸದ್ದಿನ ಸಮೇತ ಮನೆಯ ಮೇಜಿನ ಮೇಲೆ ಓಡುತ್ತದೆ. ಮಕ್ಕಳು ಬೇಕೆಂದು ಹಟ ಹಿಡಿಯುವ ಮೊದಲು ಅದರ ಗುಟ್ಟನ್ನು ಹಿರಿಯರಾದ ನಾವು ತಿಳಿದಿರುವುದು ಒಳ್ಳೆಯದು.

ಹಳೆಯ ಪದ್ಧತಿಯಲ್ಲಿ ಹಳಿಗೆ ಕೊಡುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ವೇಗ ಬದಲಿಸುತ್ತಿದ್ದರು. ಒಂದೇ ಹಳಿಯ ಮೇಲಿನ ಎರಡು ಎಂಜಿನ್‌ಗಳು ಒಟ್ಟಿಗೆ ಓಡಿ ಒಟ್ಟಿಗೆ ನಿಲ್ಲುತ್ತಿದ್ದವು. ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲಿ ವಿದ್ಯುತ್ತು ಸದಾ ಇರುತ್ತದೆ. ಅದರೊಡನೆಯೇ ಆಜ್ಞೆಯೂ ಹರಿಯುತ್ತದೆ. ಪ್ರತಿ ಎಂಜಿನ್ನಿನೊಳಗೆ ಡಿಕೋಡರ್ ಎಂಬ ಚಿಕ್ಕ ಫಲಕ, ಅದಕ್ಕೊಂದು ಸಂಖ್ಯೆ. 3ಕ್ಕೆ ಬಂದ ಆಜ್ಞೆಯನ್ನು 4 ಪಾಲಿಸುವುದಿಲ್ಲ. ನಿಜವಾದ ಎಂಜಿನ್ನಿನ ಸೀಟಿ, ಮೊರೆತಗಳನ್ನು ಮುದ್ರಿಸಿ ಆ ಫಲಕದಲ್ಲಿ ತುಂಬಿರುತ್ತಾರೆ. ವೇಗ ಏರಿದಂತೆ ಒಳಗಿನ ಪುಟ್ಟ ಸ್ಪೀಕರಿನ ಸದ್ದೂ ಬದಲಾಗುತ್ತದೆ. ಒಂದು ಗುಂಡಿ ಒತ್ತಿದರೆ ಸದ್ದು ಅಡಗುತ್ತದೆ, ಓಟ ನಿಲ್ಲುವುದಿಲ್ಲ. ಅಜ್ಜಿ ಸಾಮಾಯಿಕಕ್ಕೆ ಕುಳಿತ 48 ನಿಮಿಷ ಆ ಗುಂಡಿಯನ್ನು ಒತ್ತಿಡಲು ಮಕ್ಕಳಿಗೆ ಕಲಿಸಿರಿ.

ಆದರೆ ಒಂದು ಎಚ್ಚರ. ಒಂದೇ ಹಳಿಯಲ್ಲಿ ಹತ್ತು ಎಂಜಿನ್ ಓಡಿಸಬಹುದೆಂದು ತಿಳಿದೊಡನೆ ಆಸೆಯೂ ಹತ್ತಾಗುತ್ತದೆ. ಸದ್ದಿನ ಎಂಜಿನ್ ಅಗ್ಗವಲ್ಲ. ಅಂಗಡಿಗೆ ಹೋಗುವ ಮುಂಚೆಯೇ ಲೆಕ್ಕ ನಿಶ್ಚಯಿಸುವುದು ಶ್ರಾವಕರ ಪರಿಗ್ರಹ ಪರಿಮಾಣ ವ್ರತ. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯವನ್ನು ಮೊದಲು ಮಕ್ಕಳಿಗೆ ತೋರಿಸಿರಿ. ನೋಡಿಯೇ ತಣಿಯುವ ಆಸೆಗಳೂ ಇವೆ. ತಣಿಯದಿದ್ದರೆ ಒಂದು ಎಂಜಿನ್ ತನ್ನಿರಿ. ಮನೆಮಂದಿ ಕೂಡಿ ಕುಳಿತು ಓಡಿಸಿರಿ.

ಜೈ ಜಿನೇಂದ್ರ.