ಟಿಕೆಟ್ಟಿನ ತಳದ ಸಣ್ಣ ಅಕ್ಷರಗಳು

ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ಮೂರನ್ನು: ದಿನ, ವೇಳೆ, ಒಟ್ಟು ಹಣ. ಮೂಲ ದರದ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಸಾಲುಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಮಗಳಿಗೆ ದೂರದೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿ, ಕೆ.ಆರ್. ಪುರದ ಸಾಧಾರಣ ಕುಟುಂಬವೊಂದು ಮೊದಲ ಬಾರಿಗೆ ಟಿಕೆಟ್ ಕೊಂಡಾಗಲಂತೂ ಅದನ್ನು ಓದುವ ವ್ಯವಧಾನವೇ ಇರುವುದಿಲ್ಲ. ಆದರೆ ಸರ್ಕಾರ ವಿಮಾನ ಪ್ರಯಾಣಿಕನನ್ನು ಯಾವ ಕಣ್ಣಿನಿಂದ ನೋಡುತ್ತ ಬಂದಿದೆ ಎಂಬ ಕಥೆ ಇರುವುದು ಅಲ್ಲಿಯೇ. ಕೆಲವೊಮ್ಮೆ ಮನೆಗೆ ಮರಳಬೇಕಾದ ಹಣವೂ ಅಲ್ಲಿಯೇ ಉಳಿದುಬಿಡುತ್ತದೆ.

ಹಲಸೂರು, ದೊಮ್ಮಲೂರು, ಇಂದಿರಾನಗರದವರಿಗೆ ವಿಮಾನ ಹೊಸದಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯ ರನ್‌ವೇಯೇ ಮುಂದೆ ನಗರದ ವಿಮಾನ ನಿಲ್ದಾಣವೂ ಆಯಿತು. ತಾರಸಿಯಲ್ಲಿ ಬಟ್ಟೆ ಒಣಹಾಕುವವರ ತಲೆಯ ಮೇಲೆಯೇ ವಿಮಾನ ಹಾರಿಹೋಗುತ್ತಿತ್ತು. ಅದನ್ನು ಹತ್ತುವವರು ಮಾತ್ರ ಬೇರೆಯವರು.

ತೆರಿಗೆಯೂ ಅದಕ್ಕೆ ತಕ್ಕಂತೆಯೇ ಇತ್ತು. ವಿಮಾನ ಹತ್ತುವವನು ಹಣವಂತ, ಅವನಿಂದ ನಾಲ್ಕು ಕಾಸು ಹೆಚ್ಚಿಗೆ ತೆಗೆದುಕೊಂಡರೆ ತಪ್ಪಿಲ್ಲ ಎಂಬುದು ಆಗಿನ ತರ್ಕ. 1979ರಲ್ಲಿ ವಿದೇಶ ಪ್ರಯಾಣ ತೆರಿಗೆ ಬಂತು. 1989ರಲ್ಲಿ ದೇಶದೊಳಗಿನ ವಿಮಾನ ಪ್ರಯಾಣಕ್ಕೂ ತೆರಿಗೆ ಬಂತು. 2004ರ ಜನವರಿ 9ರಿಂದ ಇವೆರಡೂ ರದ್ದಾದವು. ಆ ಹೊತ್ತಿಗೆ ಮೊದಲನೆಯದು ತಲೆಗೆ 500 ರೂಪಾಯಿ, ಎರಡನೆಯದು ಟಿಕೆಟ್ ದರದ ಶೇ 15ರಷ್ಟಿತ್ತು.

ಅದಕ್ಕೆ ಹಿಂದಿನ ವರ್ಷವಷ್ಟೇ ಬೆಂಗಳೂರಿನ ಏರ್ ಡೆಕ್ಕನ್ ಹಾರಾಟ ಆರಂಭಿಸಿ, ಅಗ್ಗದ ಟಿಕೆಟ್ಟಿನ ಕಾಲ ಶುರುವಾಗಿತ್ತು. ರೈಲಿನಲ್ಲಿ ಹೋಗುತ್ತಿದ್ದವರು ವಿಮಾನದತ್ತ ತಿರುಗಿದರು. ಎಚ್‌ಎಎಲ್ ನಿಲ್ದಾಣದಲ್ಲಿ ನಿಲ್ಲಲು ಜಾಗವಿಲ್ಲದಂತಾಯಿತು. 2008ರ ಮೇ 24ರಂದು ನಿಲ್ದಾಣ ದೇವನಹಳ್ಳಿಗೆ ಹೋಯಿತು; ಇತ್ತ ವಿಮಾನ ನಿಲ್ದಾಣ ರಸ್ತೆಗೆ 'ಹಳೆಯ' ಎಂಬ ವಿಶೇಷಣ ಅಂಟಿಕೊಂಡಿತು.

ಪ್ರಯಾಣಿಕರು ಹೆಚ್ಚಿದ ಮೇಲೆ ತೆರಿಗೆ ಮತ್ತೆ ಬಂತು, ಆದರೆ ವೇಷ ಬದಲಿಸಿಕೊಂಡು. 2006ರ ಮೇ ತಿಂಗಳಲ್ಲಿ ವಿದೇಶಕ್ಕೆ ಮೇಲ್ದರ್ಜೆಯಲ್ಲಿ ಹೋಗುವವರ ಮೇಲೆ ಸೇವಾ ತೆರಿಗೆ ಬಿತ್ತು. 2010ರ ಜುಲೈಯಿಂದ ದೇಶದೊಳಗೆ ಹಾರುವವರಿಗೂ, ಎಕಾನಮಿ ದರ್ಜೆಯಲ್ಲಿ ವಿದೇಶಕ್ಕೆ ಹೋಗುವವರಿಗೂ ಅದು ವಿಸ್ತರಿಸಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಕಾನಮಿಗೆ ಶೇ 5, ಬಿಸಿನೆಸ್ ದರ್ಜೆಗೆ ಶೇ 12 ಎಂದಾಯಿತು. 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ದರ್ಜೆಯ ತೆರಿಗೆ ಶೇ 18ಕ್ಕೇರಿದರೆ, ಎಕಾನಮಿಯದು ಇದ್ದಲ್ಲಿಯೇ ಉಳಿಯಿತು.

ದರ ಇಳಿದರೆ ಬೊಕ್ಕಸಕ್ಕೆ ನಷ್ಟವಲ್ಲವೇ? ವಿದ್ಯಾರ್ಥಿಗಳು ಇದನ್ನು ಒಂದು ಲೆಕ್ಕವಾಗಿ ಮಾಡಿ ನೋಡಬಹುದು. 6,000 ರೂಪಾಯಿ ಟಿಕೆಟ್ಟಿಗೆ ಶೇ 15ರಂತೆ ತೆರಿಗೆ 900 ರೂಪಾಯಿ. ಶೇ 5ರಂತೆ 300. ಮೊದಲು ಒಬ್ಬ ಹಾರುತ್ತಿದ್ದಲ್ಲಿ ಈಗ ಮೂವರು ಹಾರಿದರೆ ಸರಿಸಮ, ನಾಲ್ವರು ಹಾರಿದರೆ ಸರ್ಕಾರಕ್ಕೇ ಲಾಭ. ತೆರಿಗೆಯ ದರ ಬೇರೆ, ತೆರಿಗೆಯ ಆದಾಯ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ. ಆದರೆ ಜನರನ್ನೇ ನೆಚ್ಚಿಕೊಂಡ ಆದಾಯಕ್ಕೆ ಅಪಾಯವೂ ಉಂಟು. 2019-20ರಲ್ಲಿ ಬೆಂಗಳೂರು ನಿಲ್ದಾಣವನ್ನು ಬಳಸಿದವರು 3.23 ಕೋಟಿ ಜನ. ಕೋವಿಡ್ ಕಾಡಿದ 2020-21ರಲ್ಲಿ ಸುಮಾರು 1.09 ಕೋಟಿ. ಜನ ಮೂರರಲ್ಲೊಂದು ಪಾಲಾದರೆ, ಅವರ ಟಿಕೆಟ್ಟಿನಿಂದ ಬರುವ ತೆರಿಗೆಯೂ ಸೊರಗಲೇಬೇಕು. 2024-25ರಲ್ಲಿ ಈ ಸಂಖ್ಯೆ 4 ಕೋಟಿಯನ್ನು ದಾಟಿತು.

ಈ ಹಣ ಯಾರಿಗೆ ಸೇರುತ್ತದೆ? ಸಾಮಾನ್ಯ ಪ್ರಯಾಣಿಕನ ಮಟ್ಟಿಗೆ, ಅವನು ಎಲ್ಲಿ ವಿಮಾನ ಹತ್ತಿದನೋ ಆ ರಾಜ್ಯಕ್ಕೆ ಜಿಎಸ್‌ಟಿಯ ಅರ್ಧ ಪಾಲು, ಉಳಿದರ್ಧ ಕೇಂದ್ರಕ್ಕೆ. ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ಪಾಲು ಕರ್ನಾಟಕದ್ದು, ಮರಳುವಾಗ ದೆಹಲಿಯದು. ಟಿಕೆಟ್ಟಿನಲ್ಲಿ ಕಾಣದ ತೆರಿಗೆಯೂ ಒಂದಿದೆ. ವಿಮಾನದ ಇಂಧನ ಇನ್ನೂ ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯಗಳು ಅದರ ಮೇಲೆ ಮಾರಾಟ ತೆರಿಗೆ ಹಾಕುತ್ತವೆ. ಆ ಹೊರೆ ಮೂಲ ದರದೊಳಗೇ ಅಡಗಿ ಕುಳಿತಿರುತ್ತದೆ.

ಉಳಿದ ಸಾಲುಗಳು ತೆರಿಗೆಯಂತೆ ಕಂಡರೂ ತೆರಿಗೆಯಲ್ಲ. ಬಳಕೆದಾರರ ಅಭಿವೃದ್ಧಿ ಶುಲ್ಕ ಹೋಗುವುದು ವಿಮಾನ ನಿಲ್ದಾಣ ನಡೆಸುವವರಿಗೆ. ದೊಡ್ಡ ನಿಲ್ದಾಣಗಳಲ್ಲಿ ಅದರ ಮೊತ್ತವನ್ನು ನಿಗದಿ ಮಾಡುವುದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ವಿಮಾನ ಭದ್ರತಾ ಶುಲ್ಕ ಹೋಗುವುದು ಭದ್ರತೆಯ ವೆಚ್ಚಕ್ಕೆ. ತೆರಿಗೆ ಎಲ್ಲರ ಬೊಕ್ಕಸಕ್ಕೆ, ಶುಲ್ಕ ಒಂದು ಸೇವೆಯ ಬಾಬ್ತಿಗೆ, ವ್ಯತ್ಯಾಸ ಇಷ್ಟೇ.

ಪಾಲಕರು ನೆನಪಿಡಬೇಕಾದ ಮಾತೊಂದಿದೆ. ಪ್ರವೇಶ ಪರೀಕ್ಷೆ ಮುಂದಕ್ಕೆ ಹೋಯಿತು, ಮಗುವಿಗೆ ಜ್ವರ ಬಂತು, ಟಿಕೆಟ್ ರದ್ದು ಮಾಡಬೇಕಾಯಿತು ಎನ್ನೋಣ. 'ಈ ಟಿಕೆಟ್ಟಿಗೆ ಹಣ ವಾಪಸ್ ಇಲ್ಲ' ಎಂಬ ಉತ್ತರ ಕೇಳಿ ಹಲವರು ಸುಮ್ಮನಾಗುತ್ತಾರೆ. ಆ ಮಾತು ಮೂಲ ದರಕ್ಕೆ ಮಾತ್ರ ಅನ್ವಯ. ಶಾಸನಬದ್ಧ ತೆರಿಗೆ, ಬಳಕೆದಾರರ ಶುಲ್ಕ, ಭದ್ರತಾ ಶುಲ್ಕಗಳನ್ನು ವಿಮಾನ ಸಂಸ್ಥೆ ಹಿಂದಿರುಗಿಸಲೇಬೇಕೆಂದು 2016ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಮಾಡಿದೆ. ಟಿಕೆಟ್ ರದ್ದು ಮಾಡದೆ ಪ್ರಯಾಣ ತಪ್ಪಿಸಿಕೊಂಡವರಿಗೂ ಇದು ಸಲ್ಲುತ್ತದೆ. ಹಾರದವನಿಂದ ಹಾರಾಟದ ತೆರಿಗೆ ವಸೂಲು ಮಾಡುವುದು ನ್ಯಾಯವಲ್ಲವಷ್ಟೇ.

ಮೊತ್ತ ಕೆಲವು ನೂರು ರೂಪಾಯಿ ಇರಬಹುದು. ನಾಲ್ಕು ಜನರ ಟಿಕೆಟ್ ಒಟ್ಟಿಗೆ ರದ್ದಾದರೆ ಅದೇ ಸಾವಿರಗಳಾಗುತ್ತದೆ. ಶಾಲೆಯಲ್ಲಿ ಶೇಕಡಾವಾರು ಲೆಕ್ಕ ಕಲಿತ ಮಕ್ಕಳ ಕೈಗೆ ಮನೆಯ ಮುಂದಿನ ಟಿಕೆಟ್ ಕೊಟ್ಟು, ಇದರಲ್ಲಿ ಸರ್ಕಾರಕ್ಕೆಷ್ಟು, ನಿಲ್ದಾಣಕ್ಕೆಷ್ಟು, ರದ್ದಾದರೆ ಕೇಳಿ ಪಡೆಯಬೇಕಾದುದೆಷ್ಟು ಎಂದು ಬಿಡಿಸಿ ಬರೆಯಲು ಹೇಳಬಹುದು. ಕಲಿತ ಗಣಿತ ಮನೆಗೆ ದುಡಿದು ಕೊಡುವ ಸಂದರ್ಭಗಳು ಅಪರೂಪ, ಇದು ಅಂಥದೊಂದು.