ಕಾಲೇಜಿನ ಹೊಸಿಲಲ್ಲಿ ಮಟ್ಟದ ಪರೀಕ್ಷೆ

ಹತ್ತನೆಯ ತರಗತಿಯನ್ನು ಮುಗಿಸಿದ ಮಕ್ಕಳು ಕಾಲೇಜನ್ನು ಸೇರುವ ಕಾಲದಲ್ಲಿ ಗೃಹಸ್ಥರ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. ಸ್ಥಾನ ದೊರೆತ ತರುವಾಯವೂ ಕೆಲವು ಕಾಲೇಜುಗಳಲ್ಲಿ ಆರಂಭದ ದಿನಗಳಲ್ಲಿಯೇ ಮತ್ತೊಂದು ಪರೀಕ್ಷೆಯುಂಟೆಂದು ಕೇಳಿ, ಇದೇನು ಹೊಸ ಪೀಡೆಯೆಂದು ಗಾಬರಿಗೊಳ್ಳುವ ತಂದೆತಾಯಿಗಳು ಅನೇಕರಿರುವರು. ಆ ವಿಷಯವಾಗಿ ನಮ್ಮ ವಾಚಕರಲ್ಲಿ ಎರಡು ಮಾತುಗಳನ್ನು ಅರಿಕೆ ಮಾಡುವೆವು.

ಪರೀಕ್ಷೆಗಳಲ್ಲಿ ಎರಡು ಬಗೆಯುಂಟು. ಒಂದು, ಆರಿಸುವ ಪರೀಕ್ಷೆ. ನಮ್ಮ ರಾಜ್ಯದ ಸಿ.ಇ.ಟಿ. ಈ ಜಾತಿಯದು. ಸ್ಥಾನಗಳು ಕೆಲವು, ಕೋರುವವರು ಹಲವರು. ಆದುದರಿಂದ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದು ಅಲ್ಲಿ ಅನಿವಾರ್ಯ. ಇನ್ನೊಂದು, ಮಟ್ಟವನ್ನು ಅರಿಯುವ ಪರೀಕ್ಷೆ. ಇದರಲ್ಲಿ ಗೆಲವೂ ಇಲ್ಲ, ಸೋಲೂ ಇಲ್ಲ. ಬಾವಿಯ ಆಳ ತಿಳಿದರಲ್ಲವೆ ಹಗ್ಗವನ್ನು ಅಳೆದು ತರುವುದು? ಅಂತೆಯೇ ಪಾಠವನ್ನು ಎಲ್ಲಿಂದ ಹಿಡಿಯಬೇಕೆಂದು ಉಪಾಧ್ಯಾಯರು ತಿಳಿಯುವುದೇ ಇದರ ಉದ್ದೇಶ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ ಅರಿಯದವರಿಗೆ ‘ಬಳಕೆ ಕನ್ನಡ’ವನ್ನೂ ಬೇರೆಬೇರೆಯಾಗಿ ಗೊತ್ತುಮಾಡಿದುದು ಇಂಥ ವಿವೇಕದಿಂದಲೇ. ಅಲ್ಲಿ ಯಾರೂ ದಡ್ಡರೆನಿಸಿಕೊಳ್ಳುವುದಿಲ್ಲ.

ಆದರೆ ಅಳತೆಗೋಲೇ ಡೊಂಕಾದರೆ ಅಳೆದು ಫಲವೇನು? ಗೌರಿಬಿದನೂರಿನ ಸೀಮೆಯನ್ನೇ ನೋಡಿರಿ. ಹಿಂದೂಪುರದ ಗಡಿಗೆ ಹತ್ತಿರವಾದ ಈ ನಾಡಿನಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಪಾಠ ಕನ್ನಡ. ಪಿ.ಯು. ವಿಜ್ಞಾನಕ್ಕೆ ಬಂದೊಡನೆ ಪುಸ್ತಕವೆಲ್ಲ ಇಂಗ್ಲಿಷ್. ಲಂಬವೆಂದರೆ ಥಟ್ಟನೆ ಗೆರೆಯೆಳೆಯಬಲ್ಲ ಹುಡುಗಿಯು ‘ಪರ್ಪೆಂಡಿಕ್ಯುಲರ್’ ಎಂಬ ಶಬ್ದವನ್ನು ಕಂಡು ಕೈಚೆಲ್ಲಿದರೆ, ಅಲ್ಲಿ ಅಳೆದುದು ಅವಳ ಇಂಗ್ಲಿಷನ್ನೇ ಹೊರತು ಗಣಿತವನ್ನಲ್ಲ. ಅವಳಿಗೆ ಬೇಕಾದುದು ಕೆಲವು ವಾರಗಳ ಶಬ್ದಪರಿಚಯ. ದೊರೆಯುವುದು ಮಂದಮತಿಯೆಂಬ ಹಣೆಪಟ್ಟಿ. ಹಾನಿಯಿರುವುದು ಇಲ್ಲಿಯೇ.

ಈ ತೊಡಕು ನಮ್ಮಲ್ಲಿ ಮಾತ್ರವೇ ಇರುವುದೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸಮುದಾಯ ಕಾಲೇಜುಗಳಲ್ಲಿ ಮಟ್ಟದ ಪರೀಕ್ಷೆಯನ್ನು ನೆಚ್ಚಿ, ಮೇಲಿನ ಪಾಠಕ್ಕೆ ಅರ್ಹರಾದ ಅನೇಕರನ್ನು ಕೆಳಗಿನ ಪಾಠಗಳಿಗೆ ಕಳುಹಿಸುತ್ತಿದ್ದರು. ಹಾಗೆ ಹೋದವರಲ್ಲಿ ಬಹುಮಂದಿ ಮುಂದಕ್ಕೆ ಏರಲೇ ಇಲ್ಲ. 2017ರಲ್ಲಿ ಅಲ್ಲಿನ ಶಾಸನಸಭೆಯು ಕಾಯಿದೆಯನ್ನು ಮಾಡಿ, ಪ್ರೌಢಶಾಲೆಯ ವರ್ಷಗಳ ಸಾಧನೆಯನ್ನು ಪರಿಗಣಿಸತಕ್ಕದ್ದೆಂದು ವಿಧಿಸಿತು.

ಒಂದು ದಿನದ ಕಾಗದವು ಮನುಷ್ಯನ ಛಲವನ್ನು ಅಳೆಯಲಾರದೆಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ಹೊಸೂರೇ ಸಾಕ್ಷಿ. ಆ ಊರಿನ ಬಡ ಹುಡುಗ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಅವರೇ 1960ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು.

ಆದುದರಿಂದ ಗೃಹಸ್ಥರು ಮಾಡಬೇಕಾದುದಿಷ್ಟು. ಮಟ್ಟದ ಪರೀಕ್ಷೆಗೆಂದು ಮಕ್ಕಳಿಗೆ ಉರುಹೊಡೆಯಿಸಬೇಡಿರಿ. ಬಾಯಿಪಾಠದಿಂದ ಮಟ್ಟವನ್ನು ಎತ್ತರಿಸಿ ತೋರಿಸಿದವನು ಮುಂದಿನ ಪಾಠದಲ್ಲಿ ಮುಗ್ಗರಿಸುವನು. ಬಲ್ಲುದನ್ನು ಬರೆ, ಅರಿಯದುದನ್ನು ಬಿಡು ಎಂದು ಧೈರ್ಯ ಹೇಳಿರಿ. ಫಲಿತಾಂಶ ಬಂದಾಗ ಎಷ್ಟು ಅಂಕವೆಂದು ಕೇಳುವುದಕ್ಕೆ ಮೊದಲು, ಯಾವ ಪಾಠ ಬಾರದೆಂದೂ, ಅದನ್ನು ಯಾರು, ಯಾವಾಗ ಕಲಿಸುವರೆಂದೂ, ಕಲಿತ ಮೇಲೆ ಮೇಲಿನ ವರ್ಗಕ್ಕೆ ಸೇರಿಸುವರೇ ಎಂದೂ ಅಧ್ಯಾಪಕರಲ್ಲಿ ವಿನಯದಿಂದ ವಿಚಾರಿಸಿರಿ. ಈ ಪ್ರಶ್ನೆಗಳಿಗೆ ಉತ್ತರವಿರುವ ಕಾಲೇಜಿನಲ್ಲಿ ಪರೀಕ್ಷೆಯು ಮಕ್ಕಳಿಗೆ ಮೆಟ್ಟಿಲಾಗುವುದು. ಉತ್ತರವಿಲ್ಲದ ಕಡೆ ಅದು ಬರಿಯ ಅಡ್ಡಗೋಡೆ.