ಬೆಳೆಯದ ನೆಲವನ್ನು ಏನು ಮಾಡತಕ್ಕದ್ದು?

ಬೀದರ, ಭಾಲ್ಕಿ ಸೀಮೆಯ ಭೂಮಾಲೀಕರಲ್ಲಿ ಹಲವರಿಗೆ ಎರೆಹೊಲದೊಡನೆ ಕೊಳ್ಳುವವರಿಲ್ಲದ ಕಲ್ಲುನೆಲದ ತುಂಡೂ ಇರುವುದುಂಟು. 1964ರ ಭೂಕಂದಾಯ ಕಾಯಿದೆಯ ಮೇರೆಗೆ ತಹಶೀಲ್ದಾರರಿಗೆ ಲಿಖಿತ ಸೂಚನೆ ಕೊಟ್ಟು ಅದನ್ನು ಸರ್ಕಾರಕ್ಕೆ ಬಿಟ್ಟುಕೊಡಲು ಅವಕಾಶವುಂಟು. ದಾನವು ಎರಡನೆಯ ಮಾರ್ಗ. ಆದರೆ 1951ರಲ್ಲಿ, ಬೀದರವೂ ಸೇರಿದ್ದ ಅಂದಿನ ಹೈದರಾಬಾದು ರಾಜ್ಯದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರು ಆರಂಭಿಸಿದ ಭೂದಾನದಲ್ಲಿ ಬಂದ ನೆಲದೊಳಗೆ ಸಾಗುವಳಿಗೆ ಬಾರದ್ದು ಬಹಳವಿದ್ದಿತು. ತನಗೆ ಬೇಡವಾದ ಬಂಡೆಯನ್ನು ಬಡವನಿಗೆ ದಾಟಿಸುವುದು ಧರ್ಮವೆನಿಸದು.

ನಮ್ಮ ಅಭಿಪ್ರಾಯದಲ್ಲಿ ಉಳಿಸಿಕೊಳ್ಳುವುದೇ ಲೇಸು. ಮೇಲಣ ಬರಡಿನಿಂದ ಹರಿದಿಳಿವ ಮಳೆನೀರೇ ಕೆಳಗಣ ಎರೆಯನ್ನು ಕೊರೆಯುತ್ತದೆ. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದರೆ ಫಲವತ್ತಾದ ಹೊಲವೇ ಉಳಿಯುವುದು. ಕೆಲವು ವರ್ಷ ದನಗಳನ್ನು ಬಿಡದೆ ಹುಲ್ಲನ್ನು ಕೊಯ್ದು ತಂದು, ಬೇವು, ಹೊಂಗೆ, ಸೀತಾಫಲಗಳನ್ನು ನೆಡತಕ್ಕದ್ದು. ದೇವಣಿ ತಳಿಯ ದನಗಳನ್ನು ಸಾಕುವ ಸೀಮೆಯಲ್ಲಿ ಮೇವು ಕೊಡುವ ನೆಲಕ್ಕೆ ಬೆಲೆಯಿಲ್ಲವೆನ್ನಬಹುದೇ? ಗ್ರಾಮದ ಮುಖ್ಯಸ್ಥರು ತಾವೇ ಮೊದಲು ಮಾಡಿ ತೋರಿಸಿದರೆ ಉಳಿದವರು ಅನುಸರಿಸುವರು.